ಹಳದಿ ದೀಪದ ದೂರು

ಮಗು ನಡುರಾತ್ರಿಯಲ್ಲಿ ಎದ್ದು ಅತ್ತರೆ ತಾಯಿಯಾದವಳು ಅದರ ಬಾಯಿ ಮುಚ್ಚುವುದಿಲ್ಲ. ಹೊಟ್ಟೆನೋವೋ, ಕಿವಿನೋವೋ, ಬರಿಯ ಹಸಿವೆಯೋ ಎಂದು ಒಂದೊಂದಾಗಿ ವಿಚಾರಿಸುತ್ತಾಳೆ. ನೋವುಂಟೆಂಬುದನ್ನು ಅಳು ಸಾರುತ್ತದೆಯೇ ವಿನಾ ನೋವಿನ ಠಾವನ್ನು ತೋರಿಸದು. ಕಾರಿನ ಚಾಲಕನ ಕಣ್ಣೆದುರಿಗೆ, ಇಂಜಿನ್ನಿನ ಆಕಾರದಲ್ಲಿ ಹೊತ್ತಿಕೊಳ್ಳುವ ಪುಟ್ಟ ಹಳದಿ ದೀಪವೂ ಇಂತಹ ಅಳುವೇ ಸರಿ. ಆದರೆ ಅದಕ್ಕೆ ತಾಯಿಯ ತಾಳ್ಮೆ ದೊರೆಯುವುದು ಅಪರೂಪ. ಕೆಲವರು ಬ್ಯಾಟರಿಯ ತಂತಿ ಕಳಚಿ ದೀಪವನ್ನು ಆರಿಸಿ ನಿಶ್ಚಿಂತರಾಗುತ್ತಾರೆ. ಕೆಲವರು ಯಾರೋ ಹೇಳಿದ ಬಿಡಿಭಾಗವನ್ನು ತಂದು ಹಾಕಿಸಿ, ದೀಪ ಮತ್ತೆ ಹೊತ್ತಿದಾಗ ಗ್ರಹಚಾರವನ್ನು ಹಳಿಯುತ್ತಾರೆ.

ಪುತ್ತೂರಿನಿಂದ ಸುಳ್ಯದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಕುಂಬ್ರ ಒಂದು ಸಣ್ಣ ಪೇಟೆ. ಪೇಟೆಯನ್ನು ದಾಟಿದರೆ ಅಡಿಕೆತೋಟ, ರಬ್ಬರಿನ ಗುಡ್ಡ. ಮನೆಗಳೆಲ್ಲ ರಸ್ತೆಯಿಂದ ದೂರ, ಏರಿಳಿತದ ದಾರಿಯ ಕೊನೆಯಲ್ಲಿ. ಅಲ್ಲಿ ಕಾರೆಂಬುದು ಬರಿಯ ಭೋಗದ ವಸ್ತುವಲ್ಲ. ಅಂತಹ ಒಂದು ಮನೆಯಲ್ಲಿ ನಿವೃತ್ತ ಮಾಸ್ತರರೂ ಅವರ ಪತ್ನಿಯೂ ಇಬ್ಬರೇ. ತಿಂಗಳಿಗೊಮ್ಮೆ ಆಕೆಯನ್ನು ಮಂಗಳೂರಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಆ ಪ್ರಯಾಣಕ್ಕೆ ಇನ್ನೆರಡು ದಿನವಿರುವಾಗ ಅವರ ಹಳೆಯ ಪೆಟ್ರೋಲು ಕಾರಿನಲ್ಲಿ ಹಳದಿ ದೀಪ ಹೊತ್ತಿತು.

ಗ್ಯಾರೇಜಿನ ತರುಣ ಒಂದು ಕಾಲಕ್ಕೆ ಮಾಸ್ತರರ ಶಿಷ್ಯನೇ. ಸ್ಕ್ಯಾನರನ್ನು ಜೋಡಿಸಿದಾಗ ಅದು 'ಪಿ ೦೧೭೧' ಎಂಬ ಸಂಕೇತವನ್ನು ತೋರಿಸಿತು. ಮಿಶ್ರಣದಲ್ಲಿ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ ಎಂಬುದು ಅದರ ತಾತ್ಪರ್ಯ. ಗ್ಯಾರೇಜಿನ ಮಾತಿನಲ್ಲಿ 'ಲೀನ್'.

"ಆಕ್ಸಿಜನ್ ಸೆನ್ಸರ್ ಹೊಸತು ಹಾಕಿಬಿಡುವ ಮಾಷ್ಟ್ರೇ," ಎಂದ ತರುಣ.

ಬೆಲೆ ಕೇಳಿದಾಗ ಅದು ಪಿಂಚಣಿಗೆ ದೊಡ್ಡ ಪೆಟ್ಟೆಂದು ತಿಳಿಯಿತು. ಆದರೆ ಮಾಸ್ತರರನ್ನು ತಡೆದದ್ದು ಬೆಲೆಯೊಂದೇ ಅಲ್ಲ.

"ಅದು ಹೇಳುವುದು ಸುಳ್ಳೆಂದು ನಿನಗೆ ಹೇಗೆ ಗೊತ್ತು ಮಾರಾಯಾ?"

ತರುಣ ಒಂದು ಗಳಿಗೆ ಸುಮ್ಮನಿದ್ದು, "ಅದು ನೋಡ್ಬೇಕಷ್ಟೆ," ಎಂದ. ಪ್ರಾಮಾಣಿಕವಾದ ಆ ಮಾತಿನಿಂದಲೇ ಪರೀಕ್ಷೆ ಆರಂಭವಾಯಿತು.

ಒಂದು ತೂಕದ ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ೧೪.೭ ತೂಕದಷ್ಟು ಗಾಳಿ ಬೇಕು. ಕಾರ್ಬ್ಯುರೇಟರಿನ ಕಾಲದಲ್ಲಿ ಈ ಹದವನ್ನು ಕಾಯುತ್ತಿದ್ದುದು ತಿರುಪುಮೊಳೆ ಮತ್ತು ಮೇಸ್ತ್ರಿಯ ಕಿವಿ. ಈಗ ಆ ಕೆಲಸ ಕಂಪ್ಯೂಟರಿನದು. ಹೊಗೆಕೊಳವೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್, ಉರಿದ ಮೇಲೆ ಎಷ್ಟು ಆಮ್ಲಜನಕ ಉಳಿಯಿತೆಂದು ಅದಕ್ಕೆ ವರದಿ ಕಳುಹಿಸುತ್ತದೆ. ಈ ಉಪಕರಣವನ್ನು ಬಾಷ್ ಸಂಸ್ಥೆ ೧೯೭೬ರಲ್ಲಿ ಮೊದಲಿಗೆ ವೋಲ್ವೋ ಕಾರುಗಳಿಗಾಗಿ ಒದಗಿಸಿತು. ಆಮ್ಲಜನಕ ಹೆಚ್ಚೆಂದು ವರದಿ ಬಂದಾಗ ಕಂಪ್ಯೂಟರು ಪೆಟ್ರೋಲನ್ನು ತುಸು ಹೆಚ್ಚಿಸುತ್ತದೆ. ಮತ್ತೂ ಸಾಲದೆಂದರೆ ಮತ್ತಷ್ಟು. ತನ್ನ ಕೈಮೀರಿತೆಂದು ಕಂಡಾಗ ದೀಪ ಹೊತ್ತಿಸುತ್ತದೆ. ಎಂದಮೇಲೆ ಸೆನ್ಸರ್ ಇಲ್ಲಿ ಆರೋಪಿಯಲ್ಲ, ಸಾಕ್ಷಿ. ಸಾಕ್ಷಿಯೂ ಕೆಡಬಹುದು, ನಿಜ. ಆದರೆ ವಿಚಾರಣೆಯಿಲ್ಲದೆ ಅವನನ್ನು ವಜಾಮಾಡುವುದು ನ್ಯಾಯವಲ್ಲ.

ಬಡವಾದ ಮಿಶ್ರಣಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಗಾಳಿಯನ್ನು ಅಳೆಯುವ ಉಪಕರಣವನ್ನು ದಾಟಿದ ಮೇಲೆ ರಬ್ಬರು ಕೊಳವೆಯಲ್ಲಿ ಬಿರುಕಿದ್ದರೆ, ಲೆಕ್ಕಕ್ಕೆ ಬಾರದ ಗಾಳಿ ಒಳನುಗ್ಗುತ್ತದೆ. ಆ ಉಪಕರಣಕ್ಕೇ ಧೂಳು ಹಿಡಿದಿದ್ದರೆ ಲೆಕ್ಕವೇ ತಪ್ಪುತ್ತದೆ. ಇಲ್ಲವೇ ಪಂಪು ಸೋತೋ, ಫಿಲ್ಟರು ಕಟ್ಟಿಯೋ ಪೆಟ್ರೋಲು ಸಾಲದೆ ಹೋಗುತ್ತದೆ. ಇದಲ್ಲದೆ ಪೆಟ್ರೋಲಿನೊಡನೆ ಎಥನಾಲ್ ಬೆರೆಸುವ ಪ್ರಮಾಣ ೨೦೨೫ರ ಹೊತ್ತಿಗೆ ನೂರಕ್ಕೆ ೨೦ಕ್ಕೆ ಏರಿತು. ಎಥನಾಲಿನಲ್ಲೇ ಆಮ್ಲಜನಕವಿರುವುದರಿಂದ ಇಂಧನ ತುಸು ಹೆಚ್ಚು ಬೇಕಾಗುತ್ತದೆ. ಇದೊಂದರಿಂದಲೇ ದೀಪ ಹೊತ್ತುವುದೆಂದಲ್ಲ. ಆದರೆ ಅಂಚಿನಲ್ಲಿರುವ ಹಳೆಯ ಕಾರನ್ನು ಅಂಚು ದಾಟಿಸಲು ಇಷ್ಟೇ ಸಾಕಾಗಬಹುದು.

ಮೂಲೆಯ ಬೆಂಚಿನಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಮಾಸ್ತರರ ಪತ್ನಿ ಆಗ ಬಾಯ್ತೆರೆದರು: "ನಿಂತಲ್ಲಿ ಗಾಡಿ ನಡುಗುತ್ತದೆ ಮಗಾ, ಗುಡ್ಡ ಹತ್ತುವಾಗ ಏನೂ ಇಲ್ಲ. ಮಳೆ ಹಿಡಿದಾಗಿನಿಂದ ಹೀಗೆಯೇ."

ತರುಣನ ಮುಖ ಅರಳಿತು. "ಅಮ್ಮ, ಇದನ್ನು ಮೊದಲೇ ಹೇಳ್ಬಾರ್ದಿತ್ತಾ?"

"ನನ್ನನ್ನು ಯಾರು ಕೇಳಿದರು?"

ಅರ್ಧ ರೋಗನಿದಾನ ಆ ಮಾತಿನಲ್ಲೇ ಇತ್ತು. ಇಂಜಿನ್ ನಿಧಾನವಾಗಿ ತಿರುಗುವಾಗ ಅದು ಎಳೆದುಕೊಳ್ಳುವ ಗಾಳಿ ಸ್ವಲ್ಪ. ಬಿರುಕಿನಿಂದ ಬರುವ ಕಳ್ಳಗಾಳಿಯ ಪಾಲು ಆಗಲೇ ಹೆಚ್ಚು. ವೇಗ ಹೆಚ್ಚಿದಾಗ ಅದೇ ಕಳ್ಳಗಾಳಿ ಲೆಕ್ಕಕ್ಕಿಲ್ಲದಷ್ಟಾಗುತ್ತದೆ. ಪೆಟ್ರೋಲಿನ ಕೊರತೆಯಾದರೆ ಇದು ತಲೆಕೆಳಗು: ನಿಂತಾಗ ಸುಖ, ಘಾಟಿಯಲ್ಲಿ ಸಂಕಟ. ತರುಣ ಸ್ಕ್ಯಾನರಿನಲ್ಲಿ ನೋಡಿದ. ನಿಂತಾಗ ಏರಿದ್ದ ಪೆಟ್ರೋಲಿನ ತಿದ್ದುಪಡಿ, ಆಕ್ಸಿಲರೇಟರ್ ಒತ್ತಿದಾಗ ಇಳಿಯಿತು. ಆಮೇಲೆ ಟಾರ್ಚು ಹಿಡಿದು ಒಂದೊಂದೇ ಕೊಳವೆಯನ್ನು ಬಗ್ಗಿಸಿ ನೋಡುತ್ತ ಬಂದ. ಇಂಜಿನ್ನಿನ ಹಿಂಬದಿಯ ಮೋಟುಕೊಳವೆಯೊಂದನ್ನು ಇಲಿ ಕಚ್ಚಿತ್ತು. ಮಳೆಗಾಲದಲ್ಲಿ ಅಡಿಕೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಕಾರಿಗೆ ಆ ಅತಿಥಿ ಹೊಸಬನೇನಲ್ಲ.

ಕೊಳವೆಯ ಬೆಲೆ ಸೆನ್ಸರಿನ ಬೆಲೆಯ ಮುಂದೆ ಏನೂ ಅಲ್ಲ. ಆದರೆ ಹಣದ ಉಳಿತಾಯಕ್ಕಿಂತ ದೊಡ್ಡ ಮಾತೊಂದಿದೆ. ಬಡ ಮಿಶ್ರಣದಲ್ಲಿ ಬಹುಕಾಲ ಓಡಿದ ಇಂಜಿನ್ ಕಿಡಿ ತಪ್ಪಿ ಉರಿಯಬಹುದು. ಉರಿಯದ ಪೆಟ್ರೋಲು ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕೆಡಿಸಬಹುದು. ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜು ಸೇರಬಹುದು. ಮಿಣುಕುತ್ತಿದ್ದರೆ ಬದಿಗೆ ನಿಲ್ಲಿಸುವುದೇ ಲೇಸು. ಹೊಸ ಸೆನ್ಸರನ್ನೇ ಹಾಕಿಸಿದ್ದರೆ ಅದೂ ಹಳೆಯದರ ಮಾತನ್ನೇ ಹೇಳುತ್ತಿತ್ತು, ಮತ್ತು ಪ್ರಾಯಶಃ ಮಂಗಳೂರಿನ ದಾರಿಯ ನಡುವೆ ಹೇಳುತ್ತಿತ್ತು.

ಯಂತ್ರ ಕೆಟ್ಟಾಗ ಗ್ಯಾರೇಜಿಗೆ ಒಯ್ಯಬೇಕಾದದ್ದು ಹಣದ ಚೀಲವೊಂದನ್ನೇ ಅಲ್ಲ. ಯಾವಾಗ ನಡುಗಿತು, ಎಲ್ಲಿ ಎಳೆಯಲಿಲ್ಲ, ಎಂದಿನಿಂದ ಎಂಬ ವಿವರವನ್ನೂ ಒಯ್ಯಬೇಕು. ಆ ವಿವರ ಅನೇಕ ವೇಳೆ ಚಾಲಕನಲ್ಲಿರುವುದಿಲ್ಲ. ಪಕ್ಕದ ಆಸನದಲ್ಲಿ ಮೌನವಾಗಿ ಕುಳಿತವರಲ್ಲಿರುತ್ತದೆ. ಅವರನ್ನು ಕೇಳಬೇಕು, ಅಷ್ಟೇ.