ನಮ್ಮ ಐತಾರ

ಪರದೇಶಕ್ಕೆ ಹೋದವರು ಊರು ನೆನೆದು ಬರೆದದ್ದನ್ನು ನಾವು ಓದುತ್ತಲೇ ಬಂದಿದ್ದೇವೆ. ಅಂಗಳದ ತುಳಸಿ, ಅಜ್ಜನ ತೊಟ್ಟಿಮನೆ, ಹಬ್ಬದ ಹೋಳಿಗೆ. ಓದಲು ಚೆಂದ. ಆದರೆ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವನು ಲಂಡನ್ನಿನಲ್ಲಿ ಕೂತು ಯಾವ ಅಂಗಳ ನೆನೆಯಬೇಕು?

ನಂದು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿಗೆ ಹೋಗೋ ರಸ್ತೆ ಮ್ಯಾಲಿನ ಊರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಬಾಳೆಗೊನೆ ಹೊತ್ತವರು ನಮ್ಮವರು, ತೋಟ ಮಾತ್ರ ನಮ್ಮದಲ್ಲ. ಸೋಮವಾರ ಬಸವಣ್ಣನ ವಾರ ಅಂತ ಎತ್ತಿನ ಹೆಗಲ ಮ್ಯಾಲ ನೊಗ ಇಡತಿರಲಿಲ್ಲ. ಅಪ್ಪನ ಹೆಗಲಿಗೆ ಅಂಥ ಯಾವ ವಾರವೂ ಇರಲಿಲ್ಲ.

ಐತಾರ ಅಂದರೆ ಏನೆಂದು ನನಗೆ ತಿಳಿದದ್ದು ಕಲಬುರಗಿಯ ಹಾಸ್ಟೆಲಿನಲ್ಲಿ. ಅರಿವಿ ಒಗೆದು ಒಣಹಾಕಿ ಮಧ್ಯಾಹ್ನ ಮಲಗಿದರೆ ಎಬ್ಬಿಸಲು ಧಣಿ ಬರುತ್ತಿರಲಿಲ್ಲ. ಒಂದು ಇಡೀ ದಿನ ನನ್ನದಾಗಿತ್ತು.

ಆ ದಿನವನ್ನು ಯಾರೂ ದಾನ ಕೊಟ್ಟದ್ದಲ್ಲ. ಫುಲೆಯವರ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಮುಂಬಯಿಯ ಗಿರಣಿ ಕೂಲಿಗಳ ಸಂಘ ಕಟ್ಟಿದರು. ಅರ್ಜಿ ಬರೆದರು, ಸಭೆ ನಡೆಸಿದರು. 1890ರಲ್ಲಿ ಮಾಲೀಕರು ಐತಾರದ ರಜೆಗೆ ಒಪ್ಪಬೇಕಾಯಿತು. ನಮ್ಮ ಶಾಲೆಯ ಯಾವ ಪಾಠದಲ್ಲೂ ಈ ಹೆಸರು ಇರಲಿಲ್ಲ.

ಈಗ ಲಂಡನ್ನಿನಲ್ಲಿ ನನಗೆ ವಾರಕ್ಕೆ ಎರಡು ದಿನ ಬಿಡುವು. ಶನಿವಾರ ವೆಂಬ್ಲಿಯ ಗುಜರಾತಿ ಅಂಗಡಿಯಿಂದ ಜೋಳದ ಹಿಟ್ಟು, ಶೇಂಗಾ ತರತೀನಿ. ಐತಾರ ಮುಂಜಾನೆ ಕುದಿಯೋ ನೀರು ಹಾಕಿ ಹಿಟ್ಟು ನಾದಿ ರೊಟ್ಟಿ ಬಡೀತೀನಿ. ಆ ಸಪ್ಪಳ ಕೇಳಿ ಕೆಳಮನೆಯ ಮುದುಕಿ ಮೊದಲೊಮ್ಮೆ ಏನೆಂದು ವಿಚಾರಿಸಲು ಬಂದಳು. ಈಗ ಅಕೀಗೂ ಒಂದು ರೊಟ್ಟಿ ಹೋಗತದ. ಯಾರ ಕೈಯಿಂದೆಂದು ಅಕಿ ಕೇಳಿಲ್ಲ. ಆಮ್ಯಾಲ ಅವ್ವಗ ಫೋನು.

"ರೊಟ್ಟಿ ಉಬ್ಬತದೇನೋ?"

"ಉಬ್ಬತದ ಯವ್ವಾ."

"ಮಂದಿ ಮನಿಗೆ ಹೋದರ ಒಳಗ ಕುಂತೇ ಉಣ್ಣತಿಯಿಲ್ಲೋ ಮಗಾ?"

ಅಲ್ಲಿನ ಚಳಿಯನ್ನು ಅವ್ವ ಒಮ್ಮೆಯೂ ಕೇಳಿಲ್ಲ. ಇದೊಂದನ್ನು ಮಾತ್ರ ಪ್ರತಿ ಐತಾರ ಕೇಳತಾಳ.

ಹಾಗಂತ ಪರದೇಶ ಸ್ವರ್ಗವೆಂದು ತಿಳಿಯಬೇಡಿ. ಕನ್ನಡದವರ ಮನೆಯೊಂದರಲ್ಲಿ ಊಟಕ್ಕೆ ಕೂಡಿಸಿ, "ಕಮಲಾಪುರದಾಗ ಯಾವ ಓಣಿ?" ಅಂದರು. ಊರು ಹೇಳಿದರೆ ಸಾಲದು, ಓಣಿ ಹೇಳಬೇಕು. 2010ರ ಸಮಾನತಾ ಕಾಯ್ದೆಗೆ ಜಾತಿಯನ್ನೂ ಸೇರಿಸುವ ಹೊಣೆಯನ್ನು ಬ್ರಿಟನ್ನಿನ ಪಾರ್ಲಿಮೆಂಟು 2013ರಲ್ಲಿ ಸರ್ಕಾರದ ಮೇಲೆ ಹೊರಿಸಿತು. 2018ರಲ್ಲಿ ಸರ್ಕಾರ ಆಗದೆಂದಿತು. ಬೇಡವೆಂದು ವಾದಿಸಿದವರಲ್ಲಿ ಹಿಂದೂ ಸಂಘಟನೆಗಳೂ ಇದ್ದವು.

ಆದರೂ ಒಂದು ಮಾತು ನಿಜ. ಅಮೆರಿಕ, ಇಂಗ್ಲೆಂಡಿನ ವಾಸ ತಾನು ಅಸ್ಪೃಶ್ಯನೆಂಬುದನ್ನೇ ಮರೆಸಿತ್ತೆಂದು ಬಾಬಾಸಾಹೇಬರು ಬರೆದಿದ್ದಾರೆ. 1917ರಲ್ಲಿ ಬರೋಡಾದ ನೌಕರಿಗೆ ಬಂದಾಗ ಅವರಿಗೆ ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ಎಂದು ಹೇಳಿಕೊಂಡು ಛತ್ರವೊಂದರಲ್ಲಿ ಉಳಿದರು. ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅಷ್ಟು ಓದಿದವರಿಗೆ ಸ್ವದೇಶವೇ ಪರದೇಶವಾಯಿತು. ಹಾಗಿರುವಾಗ ನಮ್ಮವನೊಬ್ಬ ಹೊರದೇಶದಲ್ಲಿ ಹಂಚಿನ ಮುಂದೆ ನಿಂತು "ಇದು ನನ್ನ ಮನೆ" ಅಂದರೆ ಊರಿಗೆ ದ್ರೋಹ ಬಗೆದನೆಂದು ಯಾರೂ ಹೇಳಬಾರದು. ಬಾಗಿಲು ಕಾಯುವ ಭಯವಿಲ್ಲದೆ, ಯಾರ ಕರೆಗೂ ಓಡದೆ, ಒಂದು ದಿನ ಬದುಕಲು ಸಿಕ್ಕ ಜಾಗವೇ ನಮಗೆ ಮನೆ.

ಆದರೆ ಕಮಲಾಪುರದಾಗ ಅವ್ವ ಐತಾರವೂ ಕೂಲಿಗೆ ಹೋಗತಾಳ. ಒಂದು ದಿನ ಮನೆಯಾಗ ಕುಂತರೆ ಆ ದಿನದ ಕೂಲಿ ಇಲ್ಲ. ಲೋಖಂಡೆಯವರು ಗಿರಣಿಗೆ ತಂದ ಐತಾರ ಆ ಬಾಳೆತೋಟದ ಬೇಲಿ ಇನ್ನೂ ದಾಟಿಲ್ಲ. ದಾಟಿಸುವ ಕೆಲಸ ನಮ್ಮ ಮುಂದಿದೆ.