ಮತದಾನದ ವಾರ

7 ಮೇ 2023, ಭಾನುವಾರ

ನಾಳೆ ಸಂಜೆಯಿಂದ ಬುಧವಾರ ಮತದಾನ ಮುಗಿಯುವವರೆಗೆ ಬಾರು, ವೈನ್‌ಶಾಪು ಬಂದ್. ಅಣ್ಣ ಬೆಳಿಗ್ಗೆಯಿಂದ ಸ್ಕೂಟರ್ ತೆಗೆಯುವುದು, ನಿಲ್ಲಿಸುವುದು. ಸಂಜೆ ಅತ್ತಿಗೆ ರಾಗಿ ಡಬ್ಬದ ಹಿಂದೆ ಕ್ವಾರ್ಟರ್ ಬಾಟಲಿಗಳ ಸಾಲು ತೋರಿಸಿ, “ಎರಡು ದಿನಕ್ಕೆ ಇಷ್ಟೊಂದಾ?” ಎಂದರು. ಅವನ ಕುಡಿತದ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಒಂದೇ ಸಮಾಧಾನ: “ಎಷ್ಟು ಹಾಕಿದ್ರೂ ತೂರಾಡಲ್ಲ, ಗಲಾಟೆ ಇಲ್ಲ.” ದೊಡ್ಡಪ್ಪನಂತೂ ಅದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ.

9 ಮೇ, ಮಂಗಳವಾರ

ನಿನ್ನೆ ರಾತ್ರಿ ಅತ್ತಿಗೆ ಅಷ್ಟನ್ನೂ ಬಚ್ಚಲಿಗೆ ಸುರಿದರಂತೆ. ಇವತ್ತು ಅಣ್ಣ ಕಾಫಿ ಲೋಟವನ್ನು ಎರಡು ಕೈಯಲ್ಲಿ ಹಿಡಿದರೂ ಪಂಚೆಯ ಮೇಲೆ ಚೆಲ್ಲಿಕೊಂಡ. ಬೆವರು, ವಾಕರಿಕೆ, ಮಗಳ ಮೇಲೆ ಕಾರಣವಿಲ್ಲದ ರೇಗಾಟ. ಬಿಸಿಲು ಅಂದ. ಬಿಸಿಲಿಗೆ ಯಾರ ಕೈಯೂ ಹೀಗೆ ನಡುಗಿದ್ದು ಕಾಣೆ.

10 ಮೇ, ಬುಧವಾರ

ಬೂತಿನಲ್ಲಿ ಶಾಯಿ ಹಚ್ಚುವಾಕೆ ಅವನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡೇ ಗೀಟೆಳೆದಳು. ಮಧ್ಯಾಹ್ನ ಎಲೆಯ ಮುಂದೆ ಕೂತವನಿಗೆ ಫಿಟ್ಸ್ ಬಂತು. ಆಸ್ಪತ್ರೆ.

11 ಮೇ, ಗುರುವಾರ

ಡಾಕ್ಟರು, ದಿನಾ ಕುಡಿಯುವವರು ಏಕಾಏಕಿ ಬಿಟ್ಟರೆ ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಆಮೇಲೆ ಇಲ್ಲದ್ದೆಲ್ಲ ಕಾಣಿಸಿ ಕೇಳಿಸಿ ಜೀವಕ್ಕೇ ಕುತ್ತಾಗಬಹುದು, ಬಿಡಿಸುವುದಾದರೆ ಡಾಕ್ಟರ ಕಣ್ಣೆದುರೇ ಬಿಡಿಸಬೇಕು ಎಂದರು. ಗ್ಲೂಕೋಸ್‌ಗೆ ಮುಂಚೆ ಥಯಮಿನ್, ಅಂದರೆ ಬಿ1, ಕೊಟ್ಟರು. ಅದು ಕಡಿಮೆಯಾದರೆ ಮಿದುಳಿಗೆ ಪೆಟ್ಟಂತೆ.

ಅಣ್ಣ ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾಲ್ಕೇ ಪ್ರಶ್ನೆ. ಕಡಿಮೆ ಮಾಡಬೇಕು ಅಂತ ಅನ್ನಿಸಿದ್ದುಂಟಾ? ಯಾರಾದರೂ ಹೇಳಿದರೆ ಸಿಟ್ಟು ಬರುತ್ತಾ? ತಪ್ಪು ಮಾಡ್ತಿದೀನಿ ಅಂತ ಕೊರಗಿದ್ದೀರಾ? ಬೆಳಿಗ್ಗೆ ಎದ್ದ ಕೂಡಲೇ ಬೇಕಾಗುತ್ತಾ? ಎರಡಕ್ಕೆ ಹೌದು ಅಂದರೂ ಎಚ್ಚರವಾಗಬೇಕಂತೆ. ಅಣ್ಣ ಮೂರಕ್ಕೆ ತಲೆಯಾಡಿಸಿದ. ನಾಲ್ಕನೆಯದಕ್ಕೆ ಅತ್ತಿಗೆಯೇ, “ಹಲ್ಲುಜ್ಜೋಕೆ ಮುಂಚೆ” ಎಂದುಬಿಟ್ಟರು.

ದೊಡ್ಡಪ್ಪ ಬಿಡಬೇಕಲ್ಲ, ಹಳೇ ಸರ್ಟಿಫಿಕೇಟು ತೆಗೆದರು: “ಆದ್ರೂ ಇವನಿಗೆ ಏರೋದೇ ಇಲ್ಲ ಸಾರ್.”

“ಅದೇ ಯಜಮಾನ್ರೇ ರೋಗ. ಮೊದಲು ಒಂದು ಪೆಗ್ಗಿಗೆ ಆಗ್ತಿದ್ದದ್ದು ಈಗ ನಾಲ್ಕಕ್ಕೂ ಆಗ್ತಿಲ್ಲ ಅಂದ್ರೆ ಮೈ ಒಗ್ಗಿಹೋಗಿದೆ. ಲಿವರ್ ಮಾತ್ರ ಅಷ್ಟನ್ನೂ ಲೆಕ್ಕ ಇಡ್ತದೆ.”

ನಾವೆಲ್ಲ ತೂರಾಟಕ್ಕೆ ಕಾಯುತ್ತಿದ್ದೆವು. ಅವನ ನೆಟ್ಟಗಿನ ನಡಿಗೆಯನ್ನು ಯಾರೂ ಅನುಮಾನಿಸಲಿಲ್ಲ.

13 ಮೇ, ಶನಿವಾರ

ವಾರ್ಡಿನ ತುಂಬ ಮತ ಎಣಿಕೆಯದೇ ಮಾತು. ಚಿಕ್ಕಪ್ಪ ಅದೆಲ್ಲಿಂದಲೋ ಪುಡಿ ತಂದಿದ್ದರು: “ಗೊತ್ತಾಗದ ಹಾಗೆ ಸಾರಿಗೆ ಬೆರೆಸು, ತಾನಾಗೇ ಬಿಡ್ತಾನೆ.” ನರ್ಸ್ ಕೇಳಿಸಿಕೊಂಡು ಡಾಕ್ಟರನ್ನೇ ಕರೆತಂದರು. ಇಂಥ ಪುಡಿಗಳಲ್ಲಿ ಏನಿರುತ್ತದೋ ಹೇಳಲಾಗದು. ಡೈಸಲ್ಫಿರಾಮ್ ಇದ್ದು, ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯಬಹುದು. ಕೊಡುವುದಾದರೆ ಅವನಿಗೆ ಹೇಳಿ, ಒಪ್ಪಿಸಿ ಕೊಡಬೇಕು ಎಂದು ಗದರಿದರು.

ಅಣ್ಣ ಎದ್ದು ಕೂತ. “ಚಿಕ್ಕಪ್ಪ, ಆ ಪೊಟ್ಟಣ ಇಲ್ಲಿ ಕೊಡಿ” ಎಂದು ಇಸಿದುಕೊಂಡು ಡಾಕ್ಟರ ಕೈಗಿಟ್ಟ.