ಕಾವಲುಗಾರರನ್ನು ಮಲಗಿಸಬೇಕಾದಾಗ

ಬಿಳಿ ರಕ್ತಕಣಗಳ ಪಾಠ ಬಂದಾಗಲೆಲ್ಲ ಅವುಗಳನ್ನು ನಾನು ಕೋಟೆಯ ಕಾವಲುಗಾರರಿಗೆ ಹೋಲಿಸುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವಿದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿರುವ ಶಿಷ್ಯೆಯೊಬ್ಬಳು ಈಚೆಗೆ ದೂರವಾಣಿಯಲ್ಲಿ, "ಮೇಷ್ಟ್ರೇ, ಆ ಕಾವಲುಗಾರರನ್ನು ನಾವೇ ಮಲಗಿಸಬೇಕಾದ ಪ್ರಸಂಗವೂ ಉಂಟು" ಎಂದಳು. ಅವಳಿಂದ ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದ ಮಗುವಿಗೆ ಇದು ಬರುತ್ತದೆ. ಯುರೋಪ್ ಮೂಲದವರಲ್ಲಿ ಹೆಚ್ಚು. ಕಫವು ಅಂಟಿನಂತಾಗಿ, ಸೋಂಕು ಮರುಕಳಿಸುತ್ತ, ಶ್ವಾಸಕೋಶವೇ ಹಾಳಾಗುತ್ತದೆ. ಆಗ ಉಳಿಯುವ ದಾರಿ ಶ್ವಾಸಕೋಶದ ಕಸಿ. ಪರರ ಅಂಗವನ್ನು ದೇಹವು ಶತ್ರುವೆಂದೇ ಬಗೆಯುವುದರಿಂದ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಯನ್ನು ಜೀವಮಾನವಿಡೀ ಸೇವಿಸಬೇಕು.

ಇಲ್ಲಿಯೇ ಎಪ್‌ಸ್ಟೀನ್-ಬಾರ್ ವೈರಸ್‌ನ ಪ್ರವೇಶ. ಆಫ್ರಿಕದ ಮಕ್ಕಳ ಗಡ್ಡೆಯೊಂದರ ಜೀವಕೋಶಗಳಲ್ಲಿ ಇದನ್ನು 1964ರಲ್ಲಿ ಲಂಡನ್ನಿನ ವಿಜ್ಞಾನಿಗಳು ಕಂಡುಹಿಡಿದರು. ಜಗತ್ತಿನ ವಯಸ್ಕರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿಯಲ್ಲಿ ಇದು ಬಿ ಕಣಗಳೊಳಗೆ ಅಡಗಿರುತ್ತದೆ. ಟಿ ಕಣಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಔಷಧಿಯಿಂದ ಟಿ ಕಣಗಳು ದುರ್ಬಲವಾದರೆ, ಸೋಂಕು ತಗುಲಿದ ಬಿ ಕಣಗಳು ಅಂಕೆಯಿಲ್ಲದೆ ಬೆಳೆಯುತ್ತವೆ. ಕೆಲವೊಮ್ಮೆ ಲಿಂಫೋಮ ಎಂಬ ಕ್ಯಾನ್ಸರೇ ಆಗುತ್ತದೆ. ಈ ವೈರಸ್ಸನ್ನು ಹಿಂದೆಂದೂ ಎದುರಿಸದ ದೇಹಕ್ಕೆ ಅಪಾಯ ಅತಿ ಹೆಚ್ಚು. ಸಿಸ್ಟಿಕ್ ಫೈಬ್ರೋಸಿಸ್ ರೋಗಿಗಳು ಚಿಕ್ಕ ವಯಸ್ಸಿನಲ್ಲೇ ಕಸಿಗೆ ಬರುವುದರಿಂದ ಅಂಥವರು ಅವರಲ್ಲಿ ಹೆಚ್ಚಾಗಿ ಸಿಗುತ್ತಾರೆ. ಉಸಿರು ಕೊಟ್ಟ ದಾನಿಯ ಶ್ವಾಸಕೋಶವೇ ವೈರಸ್ಸನ್ನೂ ಹೊತ್ತು ತರಬಹುದು.

ಅಮೆರಿಕದ ಕಸಿವೈದ್ಯ ಥಾಮಸ್ ಸ್ಟಾರ್ಜಲ್ ಮತ್ತು ಸಂಗಡಿಗರು 1984ರಲ್ಲಿ ಒಂದು ಆಶಾದಾಯಕ ಸಂಗತಿಯನ್ನು ಪ್ರಕಟಿಸಿದರು: ಔಷಧಿಯನ್ನು ತಗ್ಗಿಸಿದರೆ ಇಂಥ ಗಡ್ಡೆಗಳು ಕರಗಬಲ್ಲವು! ಇಂದಿಗೂ ಚಿಕಿತ್ಸೆಯ ಮೊದಲ ಹೆಜ್ಜೆ ಸಾಮಾನ್ಯವಾಗಿ ಅದೇ. ಸಾಲದಿದ್ದರೆ ಬಿ ಕಣಗಳನ್ನು ನಾಶಪಡಿಸುವ ರಿಟುಕ್ಸಿಮ್ಯಾಬ್ ಮುಂತಾದವುಗಳಿವೆ. ಆದರೆ ಔಷಧಿ ತೀರ ತಗ್ಗಿದರೆ ದೇಹವು ಹೊಸ ಶ್ವಾಸಕೋಶವನ್ನೇ ತಿರಸ್ಕರಿಸಬಹುದು. ಅತ್ತ ದರಿ, ಇತ್ತ ಪುಲಿ. ಮಾತ್ರೆಯ ಪ್ರಮಾಣವನ್ನು ನಿರ್ಧರಿಸುವ ವೈದ್ಯರ ಹೊಣೆ, ಅದನ್ನು ನಂಬಿ ನುಂಗುವ ತರುಣರ ಧೈರ್ಯ, ಎರಡೂ ನನಗೆ ದೊಡ್ಡವಾಗಿ ಕಾಣುತ್ತವೆ.

2019ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೂರು ಔಷಧಿಗಳ ಸಂಯೋಜನೆಯಿಂದಾಗಿ ಅಲ್ಲಿ ಈ ರೋಗಿಗಳಿಗೆ ಕಸಿಯ ಅಗತ್ಯವೇ ಬಹಳ ಇಳಿದಿದೆ. ಆದರೆ ಅದು ಎಲ್ಲ ಬಗೆಯ ಜೀನ್ ದೋಷಕ್ಕೂ ಒದಗುವುದಿಲ್ಲ. ಈಗಾಗಲೇ ಕಸಿಯಾದವರಂತೂ ಪ್ರತಿದಿನವೂ ತಮ್ಮ ಕಾವಲುಗಾರರನ್ನು ಅರೆನಿದ್ರೆಯಲ್ಲಿ ಇಟ್ಟುಕೊಂಡೇ ಬಾಳಬೇಕಾಗಿದೆ.